ಅಳಿಸಿದ ಹಳದಿ ಪಟ್ಟಿ

ಇಪ್ಪತ್ತು ಚಿಲ್ಲರೆ ವರ್ಷ ನಾನು ಎರಡು ದ್ರವಗಳ ನಡುವೆ ಕಾಲ ಕಳೆದೆ. ಒಂದು ರೆಸಿನ್, ಇನ್ನೊಂದು ಆಸಿಡ್. ಎರಡಕ್ಕೂ ಕಾಫಿ ಡಿಕಾಕ್ಷನ್ನಿನ ಬಣ್ಣ. ಎರಡು ಬೀಕರಿನಲ್ಲಿ ತುಂಬಿ ಅಕ್ಕಪಕ್ಕ ಇಟ್ಟರೆ ಕೆಮಿಸ್ಟ್ರಿ ಓದಿದ ನನಗೂ ಒಂದು ಕ್ಷಣ ಅನುಮಾನ ಬರುತ್ತಿತ್ತು. ಅಲುಗಾಡಿಸಿ ನೋಡಿದರೆ ರೆಸಿನ್ ತುಸು ಮಂದ, ಆಸಿಡ್ ತುಸು ತೆಳು. ಅಷ್ಟೇ ವ್ಯತ್ಯಾಸ.

ಇವು ಫೌಂಡ್ರಿಗಳಿಗೆ ಹೋಗುವ ಮಾಲು. ಶಿವಮೊಗ್ಗ, ಭದ್ರಾವತಿ ಸುತ್ತ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಗಳಿಗೆ ಕೊರತೆಯಿಲ್ಲ. ಎರಕ ಹೊಯ್ಯಲು ಮರಳಿನ ಅಚ್ಚು ಬೇಕು. ಬರೀ ಮರಳು ನಿಲ್ಲುವುದಿಲ್ಲವಲ್ಲ, ಅದಕ್ಕೆ ಅಂಟು ಬೇಕು. ಮೆಕ್ಕೆಜೋಳದ ದಿಂಡು, ಕಬ್ಬಿನ ಸಿಪ್ಪೆ, ಇಂಥ ಬಿಸಾಡುವ ವಸ್ತುವಿನಿಂದ ದೂರದೂರಿನ ಕಾರ್ಖಾನೆಗಳು ಒಂದು ಆಲ್ಕೊಹಾಲ್ ತೆಗೆಯುತ್ತವೆ. ಅದು ಟ್ಯಾಂಕರಿನಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಅದಕ್ಕೆ ಯೂರಿಯಾ, ಫಾರ್ಮಲಿನ್ ಸೇರಿಸಿ ಕೆಟಲಿನಲ್ಲಿ ಕುದಿಸಿದರೆ ರೆಸಿನ್. ಅದನ್ನು ಗಟ್ಟಿ ಮಾಡುವುದು ಆಸಿಡ್. ಮೊದಲು ಮರಳಿಗೆ ಆಸಿಡ್ ಹಾಕಿ ಚೆನ್ನಾಗಿ ಕಲಸಬೇಕು, ಆಮೇಲೆ ರೆಸಿನ್. ಹತ್ತು ಹದಿನೈದು ನಿಮಿಷಕ್ಕೆ ಮರಳು ಹಸಿರಿಗೆ ತಿರುಗಿ, ಕಪ್ಪಾಗಿ, ಕಲ್ಲಾಗುತ್ತದೆ. ಇವೆರಡನ್ನೂ ಮರಳಿಲ್ಲದೆ ನೇರವಾಗಿ ಸೇರಿಸಬಾರದು. ಸೇರಿಸಿದರೆ ತಮ್ಮ ಬಿಸಿಯಲ್ಲಿ ತಾವೇ ಕುದಿದು, ಉಬ್ಬಿ, ಸಿಡಿಯುತ್ತವೆ. ನಮ್ಮ ಶೆಡ್ಡಿಗೆ ಸೇರುವ ಯಾರಿಗೇ ಆಗಲಿ ಮೊದಲ ದಿನ ಹೇಳುತ್ತಿದ್ದ ಮಾತು ಇದೊಂದೇ.

ಶೆಡ್ಡು ಇದ್ದದ್ದು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ, ಇಂಡಸ್ಟ್ರಿಯಲ್ ಏರಿಯಾದ ಒಂದು ಮೂಲೆಯಲ್ಲಿ. ನನ್ನ ಗಂಡ, ಅವರ ತಮ್ಮ ಇಬ್ಬರೂ ಸೇರಿ ಶುರು ಮಾಡಿದ್ದು. ಗಂಡ ಹೋದ ಮೇಲೆ ಮೈದುನ ಮಾಲೀಕ, ನಾನು ಕೆಮಿಸ್ಟ್. ತಿಂಗಳಿಗೊಮ್ಮೆ ಮನೆಗೆ ಹಣ ಕಳಿಸಿ ಅತ್ತಿಗೆಯನ್ನು ಮೂಲೆಯಲ್ಲಿ ಕೂರಿಸಬಹುದು ಅಂದುಕೊಂಡಿದ್ದ ಮೈದುನ. ನಾನು ಮೂಲೆಯಲ್ಲಿ ಕೂರಲಿಲ್ಲ. ದಿನಾ ಬೆಳಿಗ್ಗೆ ಟಿಫಿನ್ ಕ್ಯಾರಿಯರ್ ಹಿಡಿದು ಬಸ್ಸು ಹತ್ತಿದೆ. ಅದಕ್ಕೆ ಅವನು ನನ್ನನ್ನು ಇವತ್ತಿಗೂ ಕ್ಷಮಿಸಿಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಕೆಮಿಸ್ಟ್ರಿ ಕಲಿಸುತ್ತಿದ್ದ ಸಿಸ್ಟರ್, ಲೇಬಲ್ ಇಲ್ಲದ ಬಾಟಲಿಯೂ ಹೆಸರಿಡದ ಮಗುವೂ ಒಂದೇ, ಎರಡೂ ಪಾಪ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅವರ ಬಿಳಿ ತೋಳು, ಸೀಮೆಸುಣ್ಣದ ಪುಡಿ ಹತ್ತಿದ ಕಪ್ಪು ಬೆಲ್ಟು, ಲ್ಯಾಬಿನ ಕಿಟಕಿಯಿಂದ ಬೀಳುತ್ತಿದ್ದ ಹನ್ನೊಂದು ಗಂಟೆಯ ಬಿಸಿಲು, ಇವೆಲ್ಲ ಈಗಲೂ ಕಣ್ಣ ಮುಂದಿವೆ. ಆ ಕ್ಲೀನ್, ಸೈಲೆಂಟ್ ಲ್ಯಾಬನ್ನೇ ನಾನು ಆ ತಗಡಿನ ಶೆಡ್ಡಿನಲ್ಲಿ ಹುಡುಕಿದೆ. ಸಿಕ್ಕಿದ್ದು ಮೇಸ್ತ್ರಿ.

ಮೇಸ್ತ್ರಿ ಭದ್ರಾವತಿಯವರು. ತಂದೆ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದು ಅಲ್ಲೇ ನೆಲೆಸಿದವರಂತೆ. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ರೆಸಿನ್ ಕುದಿಸುವುದು, ಆಸಿಡ್ ಹದ ಮಾಡುವುದು, ಡ್ರಮ್ಮು ತುಂಬಿಸುವುದು ಎಲ್ಲ ಅವರ ಕೈಕೆಳಗೆ. ಲ್ಯಾಬಿನಲ್ಲಿ ಕೂತು ಅವರು ಮಾಡಿದ್ದನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಇದಕ್ಕಿಂತ ಒಳ್ಳೆಯ ಜಗಳದ ಏರ್ಪಾಡನ್ನು ದೇವರೂ ಮಾಡಲಾರ.

ನಾನು ಬ್ಯುರೆಟ್ಟಿನಲ್ಲಿ ತೊಟ್ಟು ತೊಟ್ಟಾಗಿ ಇಳಿಸಿ, ಪಿಂಕ್ ಬಣ್ಣ ಬರುವ ತೊಟ್ಟನ್ನು ಎಣಿಸಿ ಆಸಿಡ್ಡಿನ ಸ್ಟ್ರೆಂತ್ ಹೇಳುತ್ತಿದ್ದೆ. ಮೇಸ್ತ್ರಿ ಪರೀಕ್ಷೆಗೆಂದು ಕಲಸಿದ ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಹೆಬ್ಬೆರಳಿನ ಉಗುರು ಊರಿ, ಅದು ಒಳಗೆ ಇಳಿಯದ ಹೊತ್ತಿಗೆ "ಹಿಡೀತು" ಎನ್ನುತ್ತಿದ್ದರು.

"ಚಾರ್ಟ್ ಪ್ರಕಾರ ನಲವತ್ತು ಪರ್ಸೆಂಟ್ ಆಸಿಡ್ ಅಂದಿದ್ದೆ, ಮೇಸ್ತ್ರಿ. ಐವತ್ತು ಹಾಕಿದೀರಿ."

"ಬೆಳಿಗ್ಗೆ ಮಂಜು ನೋಡಿದ್ರಾ ಮೇಡಂ? ಚಳಿಗೆ ಮರಳು ಹಿಡಿಯೋದು ತಡ. ನಿಮ್ಮ ಚಾರ್ಟ್ ನೋಡಿರಲ್ಲ."

"ನಿಮ್ಮ ಮುಷ್ಟಿಗೆ ಸರ್ಟಿಫಿಕೇಟ್ ಕೊಟ್ಟೋರು ಯಾರು?"

"ನನ್ನ ಹೊಟ್ಟೆ. ಮೂವತ್ತು ವರ್ಷ ಅದೇ ಮುಷ್ಟಿ ಅನ್ನ ಹಾಕಿದೆ. ನಿಮ್ಮ ಗಾಜಿನ ಕೊಳವೆಗೆ ಪಿಂಕ್ ಬರೋದು ಗೊತ್ತು ಮೇಡಂ, ಮರಳು ಹಿಡಿಯೋದು ಗೊತ್ತಿಲ್ಲ."

ಡ್ರಮ್ಮು ತೊಳೆಯುವ ಹೆಂಗಸೊಬ್ಬಳು ಇದ್ದಳು, ಗಟ್ಟಿ ದನಿಯವಳು. ನಮ್ಮಿಬ್ಬರ ಮಾತು ಏರಿದಾಗಲೆಲ್ಲ ಅವಳು ಬಾಂಡ್ಲಿ ಬಡಿದು, "ಅಮ್ಮಾರಿಗೂ ಮೇಸ್ತ್ರಿಗೂ ಮಧ್ಯ ಒಂದು ಬಾಂಡ್ಲಿ ಮರಳು ಹಾಕ್ರೋ ಮಾರಾಯ, ಇಲ್ಲಾಂದ್ರೆ ಶೆಡ್ಡು ಹಾರಿ ಹೋಗುತ್ತೆ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾವಿಬ್ಬರು ನಗುತ್ತಿರಲಿಲ್ಲ.

ಮೊದಲು ರೆಸಿನ್ ಕಬ್ಬಿಣದ ಡ್ರಮ್ಮಿನಲ್ಲಿ, ಆಸಿಡ್ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇರುತ್ತಿತ್ತು. ಕುರುಡನೂ ತಟ್ಟಿ ಹೇಳಬಹುದಾಗಿತ್ತು. ಒಂದು ವರ್ಷ ಮೈದುನ ಎಲ್ಲದಕ್ಕೂ ಒಂದೇ ನಮೂನೆಯ ನೀಲಿ ಪ್ಲಾಸ್ಟಿಕ್ ಡ್ರಮ್ಮು ತರಿಸಿದ. ಅಗ್ಗ, ಹಗುರ, ತುಕ್ಕು ಹಿಡಿಯುವುದಿಲ್ಲ. ನಾನು ಬೇಡ ಎಂದೆ. "ಲೇಬಲ್ ಅಂಟಿಸೋದು ನಿಮ್ಮ ಡಿಪಾರ್ಟ್‌ಮೆಂಟು ಅತ್ತಿಗೆ" ಎಂದು ಮೊಬೈಲ್ ಕಿವಿಗಿಟ್ಟುಕೊಂಡು ಹೊರಟ.

ಮಾರನೆಯ ದಿನ ಬರುವಷ್ಟರಲ್ಲಿ ಆಸಿಡ್ ಡ್ರಮ್ಮುಗಳಿಗೆಲ್ಲ ಸೊಂಟದ ಸುತ್ತ ಅಂಗೈ ಅಗಲದ ಹಳದಿ ಪಟ್ಟಿ ಬಿದ್ದಿತ್ತು. ಗೇಟಿಗೆ ಬಳಿದು ಉಳಿದಿದ್ದ ಪೇಂಟು. ಮೇಸ್ತ್ರಿ ಯಾರನ್ನೂ ಕೇಳದೆ ಬಳಿಸಿದ್ದರು. ಪಟ್ಟಿ ಸೊಟ್ಟ, ಅಲ್ಲಲ್ಲಿ ಪೇಂಟು ಸೋರಿ ಕಣ್ಣೀರಿನ ಹಾಗೆ ಕೆಳಗಿಳಿದಿತ್ತು. ಹಳದಿ ಇದ್ದರೆ ಆಸಿಡ್, ಇಲ್ಲದಿದ್ದರೆ ರೆಸಿನ್. ಓದು ಬಾರದವರಿಗೂ ಅರ್ಧ ದಿನದಲ್ಲಿ ಪಾಠವಾಯಿತು. ಅದರ ಮೇಲೂ ಮೇಸ್ತ್ರಿಗೆ ನಂಬಿಕೆ ಸಾಲದು. ಯಾವುದೇ ಡ್ರಮ್ಮು ಬಗ್ಗಿಸುವ ಮೊದಲು ಮುಚ್ಚಳ ತಿರುಗಿಸಿ ಮೂಸುತ್ತಿದ್ದರು. ರೆಸಿನ್ನಿಗೆ ಸುಟ್ಟ ಬೀಜದ ವಾಸನೆ, ಹಿಂದೆಯೇ ಕಣ್ಣುರಿಸುವ ಫಾರ್ಮಲಿನ್. ಆಸಿಡ್ಡಿಗೆ ಹುಳಿ ಘಾಟು. ಹಾಗೆ ಮೂಸಬಾರದು, ಅನ್‌ಹೆಲ್ದಿ, ಎಂದು ನಾನು ಹೇಳಿದಷ್ಟೂ ಸಲ ಅವರು ನನ್ನ ಎದುರಿಗೇ ಇನ್ನೊಂದು ಡ್ರಮ್ಮು ಮೂಸುತ್ತಿದ್ದರು.

ಹೀಗೆ ನಾಲ್ಕೈದು ವರ್ಷ ನಡೆಯಿತು. ಆಮೇಲೆ ಹೊರಗಿನ ಒಂದು ದೊಡ್ಡ ಗಿರಾಕಿ ಕಂಪನಿ ನಮ್ಮ ಮಾಲು ತೆಗೆದುಕೊಳ್ಳುವ ಮೊದಲು ಶೆಡ್ಡು ನೋಡಬೇಕು, ಆಡಿಟರುಗಳನ್ನು ಕಳಿಸುತ್ತೇವೆ ಎಂದಿತು. ನನಗೆ ಹುರುಪು ಬಂತು. ಸಿಸ್ಟರ್ ನೋಡಿದ್ದರೆ ತಲೆದೂಗುವಂಥ ಲೇಬಲ್ ಬರೆದೆ: ಪದಾರ್ಥದ ಹೆಸರು, ಬ್ಯಾಚ್ ನಂಬರು, ಅಪಾಯದ ಚಿತ್ರ, ಪೂರ್ತಿ ಇಂಗ್ಲಿಷಿನಲ್ಲಿ. ಶಿವಮೊಗ್ಗದ ಪ್ರೆಸ್ಸಿನಲ್ಲಿ ಮಾಡಿಸಿ ತಂದು ಅಂಟಿಸಿದೆ. ಹಳದಿ ಪಟ್ಟಿಗಳನ್ನು ಥಿನ್ನರ್ ಹಾಕಿ ಉಜ್ಜಿ ತೆಗೆಯಿರಿ ಎಂದೆ.

ಒಂದೇ ಡ್ರಮ್ಮಿನ ಮೇಲೆ ಎರಡು ಸಿಸ್ಟಮ್ ಇರಬಾರದು ಎನ್ನುವುದು ಆಗ ನಾನು ಕೊಟ್ಟ ಕಾರಣ. ಸುಳ್ಳಲ್ಲ ಅದು. ಆದರೆ ಪೂರ್ತಿ ನಿಜವೂ ಅಲ್ಲ. ಆ ಸೊಟ್ಟ ಪಟ್ಟಿ ಕಂಡಾಗಲೆಲ್ಲ ನನ್ನ ಲ್ಯಾಬು ಅದಕ್ಕೆ ಸೋತ ಹಾಗೆ ಅನ್ನಿಸುತ್ತಿತ್ತು. ಅದನ್ನು ಕಣ್ಣೆದುರು ಅಳಿಸಿಹಾಕಿಸಬೇಕಿತ್ತು ನನಗೆ.

ಮೇಸ್ತ್ರಿ ಲೇಬಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಇದನ್ನ ಓದೋರು ಯಾರು ಮೇಡಂ?"

"ಆಡಿಟರ್ ಓದ್ತಾರೆ."

"ಅವರು ಡ್ರಮ್ ಹೊರ್ತಾರಾ?"

"ಹೊರೋರಿಗೆ ನೀವು ಹೇಳಿಕೊಡಿ."

"ನಾನ್ಯಾಕೆ ಹೇಳಿಕೊಡ್ಲಿ?" ಲೇಬಲನ್ನು ನನ್ನ ಮೇಜಿನ ಮೇಲೆ ಇಟ್ಟರು. "ಸರಿ. ಇವತ್ತಿಂದ ಡ್ರಮ್ಮಿನ ಸಮಾಚಾರ ನಿಮ್ದು. ಯಾವುದು ಯಾವ್ದು ಅಂತ ನಾನು ನೋಡಲ್ಲ. ಮೂಸೋದೂ ಇಲ್ಲ. ಅನ್‌ಹೆಲ್ದಿ ಅಲ್ವಾ?"

ನಿಜವಾಗಿಯೂ ಅಂದಿನಿಂದ ಮೂಸುವುದು ಬಿಟ್ಟರು. ನಾನು ಗೆದ್ದೆ ಅಂದುಕೊಂಡೆ. ಆಡಿಟರುಗಳು ಬಂದರು, ಲೇಬಲ್ ಫೋಟೋ ತೆಗೆದುಕೊಂಡರು, ಗುಡ್ ಎಂದರು, ಹೋದರು.

ನಮ್ಮಲ್ಲಿ ಆಯುಧಪೂಜೆಗೆ ಒಂದು ಪದ್ಧತಿ ಇತ್ತು. ನನ್ನ ಅತ್ತೆ ಮನೆಯಲ್ಲಿ ಹಬ್ಬದ ಹಿಂದಿನ ದಿನ ಯಾವ ಪಾತ್ರೆಯ ತಳದಲ್ಲೂ ಹಳೆಯದು ಉಳಿಯಲು ಬಿಡುತ್ತಿರಲಿಲ್ಲ. ಎಲ್ಲ ಬರಿದು ಮಾಡಿ, ಬೆಳಗಿ, ಬೋರಲು ಹಾಕಬೇಕು. ನನ್ನ ಗಂಡ ಅದನ್ನೇ ಶೆಡ್ಡಿಗೂ ತಂದರು. ಪೂಜೆಯ ಮುನ್ನಾದಿನ ಅರ್ಧಂಬರ್ಧ ಡ್ರಮ್ಮುಗಳ ತಳದ ಉಳಿಕೆಯನ್ನೆಲ್ಲ ಸುರಿದು ಒಟ್ಟು ಮಾಡಿ, ಡ್ರಮ್ಮು ತೊಳೆದು ಬಿಸಿಲಿಗೆ ಮಗುಚುವುದು. ಪ್ರತಿ ವರ್ಷ ಮೇಸ್ತ್ರಿ ನಡುವೆ ನಿಂತು, "ಹಳದಿ ಈ ಕಡೆ, ಬೋಳು ಆ ಕಡೆ" ಎಂದು ಕೂಗುತ್ತಿದ್ದರು. ಆಸಿಡ್ ಉಳಿಕೆಗೆ ಒಂದು ಡ್ರಮ್ಮು, ರೆಸಿನ್ ಉಳಿಕೆಗೆ ಇನ್ನೊಂದು, ಎರಡರ ನಡುವೆ ಇಡೀ ಅಂಗಳ.

ಆ ವರ್ಷ ಹೆಂಗಸರು ಮೊದಲೇ ಪೈಪು ಹಿಡಿದು, ಸೋಪಿನ ಪುಡಿ ಹಾಕಿ ಡ್ರಮ್ಮುಗಳ ಹೊರಮೈ ಉಜ್ಜಿದರು. ಹಬ್ಬವಲ್ಲವೇ, ಹೊರಗೂ ಹೊಳೆಯಬೇಕು. ನನ್ನ ಲೇಬಲ್ಲುಗಳ ಅಂಟು ನೀರಿಗೆ ಬಿಟ್ಟುಕೊಂಡಿತು. ನೆನೆದ ಹಪ್ಪಳದ ಹಾಗೆ ಒಂದೊಂದಾಗಿ ಜಾರಿ ಚರಂಡಿ ಸೇರಿದವು. ನಾನು ಲ್ಯಾಬಿನ ಕಿಟಕಿಯಿಂದ ಅದನ್ನು ಕಂಡೆ. ಕಂಡೆ ಎನ್ನುವುದನ್ನು ಇಲ್ಲಿ ಬರೆಯಲೇಬೇಕು. ಛೆ, ಪೂಜೆ ಮುಗಿದ ಮೇಲೆ ಹೊಸದು ಅಂಟಿಸಿದರಾಯಿತು ಎಂದುಕೊಂಡು ಬ್ಯುರೆಟ್ ಸ್ಟ್ಯಾಂಡಿಗೆ ಸೇವಂತಿಗೆ ಸುತ್ತತೊಡಗಿದೆ.

ಅಂಗಳದಲ್ಲಿ ಈಗ ಇದ್ದದ್ದು ಒಂದೇ ನಮೂನೆಯ ನೀಲಿ ಡ್ರಮ್ಮುಗಳು. ಮೇಸ್ತ್ರಿ ಗೇಟಿನ ಹತ್ತಿರ ಸ್ಟೂಲಿನ ಮೇಲೆ ಕೂತು ಮಾವಿನ ಎಲೆಯ ತೋರಣ ಕಟ್ಟುತ್ತಿದ್ದರು. ಆ ಗಟ್ಟಿ ದನಿಯ ಹೆಂಗಸು ಒಂದು ಡ್ರಮ್ಮಿನ ತಳದಲ್ಲಿದ್ದುದನ್ನು ಇನ್ನೊಂದಕ್ಕೆ ಸುರಿದಳು, ಮತ್ತೊಂದನ್ನು ತಂದು ಅದಕ್ಕೇ ಸುರಿದಳು. ಒಂದರಲ್ಲಿ ಆಸಿಡ್ ಇತ್ತು, ಇನ್ನೊಂದರಲ್ಲಿ ರೆಸಿನ್. ಘಾಟು ಎದ್ದಾಗ ಸೆರಗಿನಿಂದ ಮೂಗು ಮುಚ್ಚಿ, ವಾಸನೆ ಬರಬಾರದೆಂದು ಮುಚ್ಚಳ ತಿರುವಿದಳು. ಒಲೆಯ ಮೇಲಿನ ಪಾತ್ರೆ ಉಕ್ಕುತ್ತಿದ್ದರೆ ಯಾರೂ ಮುಚ್ಚಳ ಒತ್ತಿ ಹಿಡಿಯುವುದಿಲ್ಲ. ಒಳಗೆ ಉಕ್ಕುತ್ತಿದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ನನಗೆ ಮೊದಲು ಕೇಳಿಸಿದ್ದು ಮೇಸ್ತ್ರಿಯ ದನಿ, ತಮಿಳಿನಲ್ಲಿ. ಹೊರಗೆ ಬಂದಾಗ ಡ್ರಮ್ಮಿನ ಹೊಟ್ಟೆ ಬಸುರಿಯ ಹಾಗೆ ಊದಿತ್ತು. ಮೇಸ್ತ್ರಿ ಓಡಿ ಬಂದು ಹೆಂಗಸಿನ ರಟ್ಟೆ ಹಿಡಿದು ಆಚೆ ಎಸೆದ ಹಾಗೆ ತಳ್ಳಿದರು. ಡ್ರಮ್ಮನ್ನು ಕಾಲಿನಿಂದ ಒದ್ದು ಬೇಲಿಯ ಕಡೆ ಉರುಳಿಸಿದರು. ಅದು ಎರಡು ಸುತ್ತು ಉರುಳುವಷ್ಟರಲ್ಲಿ ಮುಚ್ಚಳ ಹಾರಿತು. ಕಪ್ಪು ನೊರೆ, ಆಲೆಮನೆಯ ಕೊಪ್ಪರಿಗೆ ಉಕ್ಕಿದ ಹಾಗೆ, ಚಿಮ್ಮಿ ಅವರ ಬಲಗೈ ಮೇಲೆ ಬಿತ್ತು. ಬಿದ್ದ ಜಾಗದಲ್ಲೇ ಗಟ್ಟಿಯಾಯಿತು. ಅದರ ಗುಣವೇ ಅದು. ನಾವು ಅದಕ್ಕೆಂದೇ ಅದನ್ನು ಮಾರುತ್ತಿದ್ದದ್ದು.

ಆ ಹೆಂಗಸಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮೇಸ್ತ್ರಿಯನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಮರುದಿನ ಪೂಜೆ ನಡೆಯಿತು, ಬೂದುಗುಂಬಳಕಾಯಿ ಒಡೆದರು. ನಾನು ಮಂಗಳಾರತಿಗೆ ಕೈ ಒಡ್ಡಲಿಲ್ಲ.

ಹಬ್ಬ ಕಳೆದ ಮೇಲೆ ಮೈದುನ ಲ್ಯಾಬಿಗೆ ಬಂದು ಕುರ್ಚಿ ಎಳೆದುಕೊಂಡ. ಅವನು ಲ್ಯಾಬಿನಲ್ಲಿ ಕೂರುವುದೇ ಅಪರೂಪ.

"ಅತ್ತಿಗೆ, ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ, ಇನ್ಶೂರೆನ್ಸಿನವರಿಗೆ ಒಂದು ರಿಪೋರ್ಟ್ ಬೇಕು. ನಿಮ್ಮ ಇಂಗ್ಲಿಷು ಚೆನ್ನಾಗಿದೆ. ಮೇಸ್ತ್ರಿ ನೆಗ್ಲಿಜೆನ್ಸ್ ಅಂತ ಬಂದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ."

"ಮೇಸ್ತ್ರಿ ಗತಿ?"

"ಕೆಲಸದಿಂದ ತೆಗೀಬೇಕಾಗುತ್ತೆ. ಏನೀಗ? ನಿಮಗೂ ಆ ಮನುಷ್ಯ ಆಗಿಬರಲ್ಲವಲ್ಲ."

ಆಗಿಬರುತ್ತಿರಲಿಲ್ಲ, ನಿಜ. ಅಂದು ಮಧ್ಯಾಹ್ನ ಕೂತು ನನ್ನ ಕಾನ್ವೆಂಟ್ ಕೈಬರಹದಲ್ಲಿ ಒಂದೂವರೆ ಪುಟ ಬರೆದೆ. ಬರೆಯುವಾಗ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷದ ಒಂದೊಂದು ಚುಚ್ಚುಮಾತಿಗೂ ಒಂದೊಂದು ನಯವಾದ ಇಂಗ್ಲಿಷ್ ವಾಕ್ಯ ಸಿಕ್ಕಿತು. ಡ್ರಮ್ಮು ಒಂದೇ ನಮೂನೆಯದು ಎಂಬುದು ಅದರಲ್ಲಿ ಬರಲಿಲ್ಲ. ಹಳದಿ ಪಟ್ಟಿ ಬರಲಿಲ್ಲ. ಚರಂಡಿಗೆ ಹೋದ ಲೇಬಲ್ಲೂ ಬರಲಿಲ್ಲ.

ಗಾಯಗೊಂಡ ಕೆಲಸಗಾರನಿಗೆ ಅವನ ಭಾಷೆಯಲ್ಲಿ ಓದಿ ಹೇಳಿ ಸಹಿ ಹಾಕಿಸಿಕೊಳ್ಳಬೇಕು ಎಂದು ಮೈದುನನ ವಕೀಲರು ಹೇಳಿದ್ದರಂತೆ. ಆಸ್ಪತ್ರೆಯಿಂದ ಬಿಟ್ಟ ವಾರಕ್ಕೆ ಮೇಸ್ತ್ರಿ ಬಂದರು. ಬೆರಳ ತುದಿಯಿಂದ ಮೊಣಕೈವರೆಗೆ ಬ್ಯಾಂಡೇಜು. ಕುರ್ಚಿ ತೋರಿಸಿದೆ, ಕೂರಲಿಲ್ಲ. ನಾನು ಒಂದೊಂದೇ ವಾಕ್ಯವನ್ನು ಕನ್ನಡ ಮಾಡುತ್ತಾ ಓದಿದೆ. ಅವರು ಗೋಡೆಯ ಮೇಲಿನ ಚಾರ್ಟನ್ನು ನೋಡುತ್ತಾ ಕೇಳಿದರು.

"ಆಯ್ತಾ?"

"ಆಯ್ತು."

"ಪಟ್ಟಿ ಅಳಿಸಿದ್ದು ಬರಲೇ ಇಲ್ಲ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವರು ಚಾರ್ಟಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ಹಂಗಾ. ಇನ್ನೊಂದ್ಸಲ ಹೇಳಿ ನೋಡೋಣ, ನನ್ನ ಮುಖ ನೋಡ್ಕೊಂಡು."

ಕಾಗದದ ಮೇಲೆ ಅಷ್ಟು ಸಲೀಸಾಗಿ ಬಿಟ್ಟುಬಿಟ್ಟಿದ್ದನ್ನು ಬಾಯಲ್ಲಿ ಬಿಡಲು ಆಗಲಿಲ್ಲ. ಪೆನ್ನಿನ ಟೋಪಿ ತೆಗೆದು ಪುಟದ ಕೆಳಗೆ ಎರಡು ಸಾಲು ಸೇರಿಸಿದೆ. ಆಸಿಡ್ಡಿಗೂ ರೆಸಿನ್ನಿಗೂ ಒಂದೇ ನಮೂನೆಯ ಡ್ರಮ್ಮು ಇತ್ತು. ಆಸಿಡ್ ಗುರುತಿನ ಹಳದಿ ಪಟ್ಟಿಗಳನ್ನು ಅಳಿಸಿಹಾಕಿಸಿದ್ದು ನಾನು, ಲೇಬಲ್ ನೀರಿಗೆ ಕಿತ್ತುಬಂದಿದ್ದನ್ನು ಕಂಡೂ ಸುಮ್ಮನಿದ್ದೆ. ಅದನ್ನು ಅವರಿಗೆ ಓದಿ ಹೇಳಿದೆ.

ಅವರ ಮುಖ ಸಡಿಲವಾಗಲಿಲ್ಲ. "ಯಾಕೆ ಬರೆದ್ರಿ? ಕೈ ನೋಡಿ ಕನಿಕರ ಬಂತಾ?"

"ನಿಮ್ಮ ಮೇಲೆ ನನಗೆ ಯಾವತ್ತೂ ಕನಿಕರ ಬಂದಿಲ್ಲ, ಮೇಸ್ತ್ರಿ."

"ಹಾಗಾದ್ರೆ ಪರವಾಗಿಲ್ಲ." ಎಡಗೈಯಿಂದ ಕಾಗದ ತೋರಿಸಿದರು. "ನಂದೂ ಒಂದು ಸಾಲು ಬರೀರಿ. ಆ ಹೆಂಗಸು ಸುರಿಯೋದು ಕೂತಲ್ಲಿಂದ ಕಾಣ್ತಿತ್ತು ನಂಗೆ. ಹತ್ತು ಹೆಜ್ಜೆ. ಎದ್ದು ಹೋಗಿ ಮೂಸಿದ್ರೆ ಗೊತ್ತಾಗ್ತಿತ್ತು. ಮೇಡಂ ಲೇಬಲ್ ಹಾಕಿದಾರಲ್ಲ, ಮೇಡಮ್ಮೇ ನೋಡ್ಕೊಳ್ಲಿ ಅಂತ ತೋರಣ ಕಟ್ಕೊಂಡು ಕೂತಿದ್ದೆ."

"ಅದು ಬರೆದರೆ ನಿಮ್ಮ ಕೆಲಸ ಹೋಗುತ್ತೆ."

"ಗೊತ್ತು."

"ಗೊತ್ತಿದ್ದೂ?"

"ನಿಮ್ಮ ಎರಡು ಸಾಲಿನ ಹಂಗಿನಲ್ಲಿ ನಾನು ಬದುಕಕ್ಕಾಗಲ್ಲ ಮೇಡಂ. ಬರೀರಿ."

ಬರೆದೆ. ಎಡಗೈಯಲ್ಲಿ, ಸ್ಲೇಟಿನಲ್ಲಿ ಕಲಿಯುವ ಮಗುವಿನ ಹಾಗೆ ಅಕ್ಷರ ಕೂಡಿಸಿ ಸಹಿ ಹಾಕಿದರು. ನಾನೂ ಹಾಕಿದೆ. ಮೇಸ್ತ್ರಿ ಹೊರಟುಹೋದರು. ಅವರಿಗೆ ಆಗಲೇ ಅರವತ್ತು ಹತ್ತಿರ. ಆ ಕೈಯಲ್ಲಿ ಬೇರೆ ಯಾವ ಶೆಡ್ಡಿನವರೂ ಕೆಲಸ ಕೊಡುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಲ್ಯಾಬಿನ ಒರಿಜಿನಲ್ ಕಾಗದ ಹೊರಗೆ ಕೊಡುವ ಅಭ್ಯಾಸ ನನಗಿಲ್ಲ. ಮೈದುನನಿಗೆ ಜೆರಾಕ್ಸ್ ಕೊಟ್ಟೆ. ಎರಡು ದಿನದ ಮೇಲೆ ಅವನು ಅದನ್ನು ಟೈಪ್ ಮಾಡಿಸಿ ಶಿವಮೊಗ್ಗದ ಮನೆಗೇ ತಂದ. ಕನ್ನಡಕ ಹಾಕಿಕೊಂಡು ಓದಿದೆ. ನನ್ನ ಎರಡು ಸಾಲು ಇರಲಿಲ್ಲ. ಮೇಸ್ತ್ರಿಯ ಸಾಲು ಇತ್ತು, ದಪ್ಪ ಅಕ್ಷರದಲ್ಲಿ.

"ನನ್ನದು ಎಲ್ಲಿ?"

"ಅತ್ತಿಗೆ, ಮನೆ ಮಾತು ಮನೇಲಿರಲಿ. ಅದು ಹೊರಗೆ ಹೋದ್ರೆ ಆ ದೊಡ್ಡ ಗಿರಾಕಿ ನಿಲ್ತಾನಾ? ಅಣ್ಣ ಕಟ್ಟಿದ ಶೆಡ್ಡು ಅದು."

"ನಿಮ್ಮಣ್ಣ ಕಬ್ಬಿಣದ ಡ್ರಮ್ಮು ಇಟ್ಟಿದ್ದರು."

"ಈಗ ಅದೆಲ್ಲ ಯಾಕ್ ತೆಗೀತೀರಿ?" ಪೆನ್ನು ಮುಂದೆ ಹಿಡಿದ. "ಅವನೇ ಒಪ್ಕೊಂಡಿದಾನೆ, ನಾವೇನು ಬಲವಂತ ಮಾಡಿದ್ವಾ? ಒಂದು ಸೈನ್ ಅಷ್ಟೇ."

ಪೆನ್ನು ತೆಗೆದುಕೊಂಡೆ. ಸಹಿಯ ಜಾಗದಲ್ಲಿ ನನ್ನ ಎರಡು ಸಾಲನ್ನು ಮತ್ತೆ ಕೈಯಿಂದ ಬರೆದು ಅದರ ಕೆಳಗೆ ಸಹಿ ಮಾಡಿ ಕೊಟ್ಟೆ. ಅವನು ಓದಿದ. ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ಕೊಟ್ಟ ಕಾಫಿ ಮುಟ್ಟಲಿಲ್ಲ.

"ನಿಮಗೂ ವಯಸ್ಸಾಯ್ತು ಅತ್ತಿಗೆ. ಇನ್ನು ರೆಸ್ಟ್ ತಗೊಳ್ಳಿ. ಲ್ಯಾಬಿನ ಕೀ ಡ್ರೈವರ್ ಹತ್ರ ಕೊಟ್ಟು ಕಳಿಸಿ."

ಎಲ್ಲಿಂದಲೋ ಒಬ್ಬ ಕನ್ಸಲ್ಟೆಂಟನ್ನು ಹಿಡಿದು ಸಹಿ ಹಾಕಿಸಿದ ಎಂದು ಆಮೇಲೆ ತಿಳಿಯಿತು. ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ಕೀ ಕೊಡುವ ಮೊದಲು ನಾನು ಆಟೋ ಹಿಡಿದು ಶೆಡ್ಡಿಗೆ ಹೋಗಿ, ಡ್ರಾಯರಿನಿಂದ ಒರಿಜಿನಲ್ ಕಾಗದ ತೆಗೆದುಕೊಂಡು ಬಂದೆ.

ಅದು ಒಂದು ತಿಂಗಳು ನನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಇತ್ತು. ಆ ತಿಂಗಳು ನಾನು ಯಾರ ಮೇಲೆ ಹೆಚ್ಚು ಸಿಟ್ಟಾಗಿದ್ದೆ ಎಂದು ಹೇಳಲಾರೆ. ಮೈದುನನ ಮೇಲೆ ಸಿಟ್ಟು ಸುಲಭ. ಆದರೆ ಮೇಸ್ತ್ರಿಯ ಮೇಲೂ ಇತ್ತು. ನನ್ನ ಎರಡು ಸಾಲನ್ನು ಸುಮ್ಮನೆ ತೆಗೆದುಕೊಂಡು ಹೋಗಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅಷ್ಟು ವರ್ಷದಲ್ಲಿ ನಾನು ಕೊಟ್ಟ ಒಂದೇ ಒಂದು ವಸ್ತುವನ್ನೂ ಸಮಸಮ ಮಾಡಿ ಎಸೆದು ಹೋದ ಮನುಷ್ಯ.

ಕೊನೆಗೆ ಒಂದು ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿದೆ. ವಿಳಾಸ ಕೇಳಿಕೊಂಡು ಹೋದೆ. ಸಾಲುಮನೆಗಳ ಒಂದು ಓಣಿ, ಬಾಗಿಲಲ್ಲಿ ಅಕ್ಕಿಹಿಟ್ಟಿನ ಕೋಲಂ ರಂಗೋಲಿ. ಮೇಸ್ತ್ರಿಯ ಹೆಂಡತಿ ಬಂದು, "ಒಳಗೆ ವಾಂಗಮ್ಮ, ಬನ್ನಿ" ಎಂದರು. ಹಿಂದಿನಿಂದ ಮೇಸ್ತ್ರಿಯ ದನಿ.

"ಬೇಡ. ಅವರು ಬೇಗ ಹೋಗ್ತಾರೆ."

ಹೊರಗೇ ನಿಂತೆ. ಅವರು ಬಾಗಿಲಿಗೆ ಬಂದರು. ಬ್ಯಾಂಡೇಜು ಬಿಚ್ಚಿಯಾಗಿತ್ತು. ಬೆರಳುಗಳು ಅರ್ಧ ಮಡಚಿದ ಹಾಗೇ ನಿಂತಿದ್ದವು, ಪೂರ್ತಿ ಮುಚ್ಚುವಂತಿಲ್ಲ, ತೆರೆಯುವಂತೆಯೂ ಇಲ್ಲ. ನಾನು ಕಾಗದ ಕೊಟ್ಟು, ಟೈಪ್ ಮಾಡಿದ್ದರಲ್ಲಿ ಏನಾಯಿತು ಎಂದು ಹೇಳಿದೆ.

"ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ?"

"ಲೇಬರ್ ಆಫೀಸಿಗೆ ಕೊಡಿ. ಒರಿಜಿನಲ್. ಇಬ್ಬರ ಸಹಿಯೂ ಇದೆ."

"ಕೊಟ್ರೆ ನಿಮ್ಮ ಮಾನ ಹೋಗುತ್ತೆ."

"ಹೋಗ್ಲಿ."

"ಆಮೇಲೆ ನಾನು ಜನ್ಮಪೂರ್ತಿ ನಿಮಗೆ ಕೈ ಮುಗೀತಾ ಇರಬೇಕಾ?" ಹೇಳಿ ತಮ್ಮ ಕೈ ನೋಡಿಕೊಂಡರು. "ಅದೂ ಆಗಲ್ಲ ಬಿಡಿ ಈಗ."

"ನೀವು ಕೈ ಮುಗಿದರೆ ನಾನು ಮುಖ ತಿರುಗಿಸ್ತೀನಿ. ನನಗೆ ಅದು ಬೇಕಾಗಿಲ್ಲ. ಕರೆದಾಗ ಬಂದು ನನ್ನ ಬರಹ ಹೌದು ಅಂತ ಹೇಳ್ತೀನಿ, ಅಷ್ಟೇ."

"ಬರದೆ ಇದ್ರೆ?"

"ಬರ್ತೀನಿ."

"ದೊಡ್ಡೋರ ಮನೆ ಮಾತು. ನೋಡ್ತೀನಿ." ಎಡಗೈಯಲ್ಲಿ ಕಾಗದ ತೆಗೆದುಕೊಂಡು ಬಾಗಿಲು ಹಾಕಿದರು. ಒಳಗಿನಿಂದ ಹೆಂಡತಿ ತಮಿಳಿನಲ್ಲಿ ಬೈಯುವುದು ಕೇಳಿಸಿತು. ಬಿಸಿಲಿಗೆ ಬಂದವರಿಗೆ ಒಂದು ಲೋಟ ನೀರು ಕೊಡಲಿಲ್ಲವಲ್ಲ ಎಂದಿರಬೇಕು.

ಮೇಸ್ತ್ರಿ ಕೊನೆಗೂ ಕಾಗದ ಕೊಟ್ಟರು. ಶಿವಮೊಗ್ಗದ ಲೇಬರ್ ಆಫೀಸಿಗೆ ಮೂರು ಸಲ ಕರೆದರು. ಉದ್ದ ಬೆಂಚಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಮೇಸ್ತ್ರಿ. ಎದುರಿನ ಕುರ್ಚಿಯಲ್ಲಿ ಮೈದುನ, ಪಕ್ಕದಲ್ಲಿ ವಕೀಲರು. ನಮ್ಮ ಬೀದಿಯವರೊಬ್ಬರು ಬೇರೆ ಕೆಲಸಕ್ಕೆ ಬಂದವರು ನನ್ನನ್ನು ಕಂಡು, "ಏನ್ರೀ ಇಲ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾದರು. ಆಫೀಸರು ಕಾಗದ ಎತ್ತಿ ತೋರಿಸಿ, ಈ ಕೈಬರಹ ನಿಮ್ಮದಾ ಎಂದರು. ಹೌದು ಎಂದೆ. ಈ ಸಾಲಿನ ಅರ್ಥ ಎಲ್ಲರಿಗೂ ಕೇಳುವ ಹಾಗೆ ಹೇಳಿ ಎಂದರು. ಹೇಳಿದೆ. ವಕೀಲರು, ಮೇಡಮ್ಮಿಗೆ ವಯಸ್ಸಾಗಿದೆ, ಮರೆವು ಇದೆ ಎಂದರು. ಮೇಸ್ತ್ರಿ ಬೆಂಚಿನ ಆ ತುದಿಯಿಂದ ಮೊದಲ ಸಲ ಬಾಯಿ ಬಿಟ್ಟರು.

"ಮರೆವಾ? ಹತ್ತು ವರ್ಷದ ಹಿಂದೆ ನಾನು ಎಷ್ಟು ಪರ್ಸೆಂಟ್ ಹಾಕಿದ್ದೆ ಅಂತ ತಾರೀಖು ಸಮೇತ ಹೇಳಿ ಮಾನ ಕಳೀತಾರೆ ಸಾರ್ ಈಯಮ್ಮ."

ಆಫೀಸರು ನಕ್ಕರು. ನಾನು ನಗಲಿಲ್ಲ. ಮೇಸ್ತ್ರಿ ಹೇಳಿದ್ದು ಹೊಗಳಿಕೆಯಲ್ಲ, ದೂರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮೂರನೆಯ ಸಲ ಮೈದುನ ರಾಜಿಗೆ ಒಪ್ಪಿದ. ಆಸ್ಪತ್ರೆ ಖರ್ಚು ಕೊಡುವುದು, ಮೇಸ್ತ್ರಿಯನ್ನು ಕೈಗೆ ಭಾರ ಬೀಳದ ಕೆಲಸಕ್ಕೆ ವಾಪಸು ತೆಗೆದುಕೊಳ್ಳುವುದು. ಮೆಟ್ಟಿಲು ಇಳಿಯುವಾಗ ಮೈದುನ ನನ್ನ ಪಕ್ಕದಲ್ಲೇ ಇಳಿದ. ಅತ್ತಿಗೆ ಎನ್ನಲಿಲ್ಲ. ಅಂದಿನಿಂದ ಅವನ ಮನೆಯ ಯಾವ ಶುಭಕಾರ್ಯದ ಕರೆಯೂ ನನಗೆ ಬಂದಿಲ್ಲ. ಮೇಸ್ತ್ರಿ ನನಗಿಂತ ಮುಂದೆ ಇಳಿದು, ಹಿಂದಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಈಗ ನನಗೆ ಬೆಳಿಗ್ಗೆ ಹತ್ತು ಗಂಟೆಗೆ ಮಾಡಲು ಏನೂ ಇಲ್ಲ. ಪೇಪರಿನ ಕ್ರಾಸ್‌ವರ್ಡ್ ತುಂಬುತ್ತೇನೆ. ಹೋದ ವಾರ ಆ ಗಟ್ಟಿ ದನಿಯ ಹೆಂಗಸು ಫೋನ್ ಮಾಡಿದ್ದಳು. ಮೈದುನ ಹೊಸ ಕೆಮಿಸ್ಟನ್ನು ತೆಗೆದುಕೊಂಡಿದ್ದಾನಂತೆ. ಎಂಎಸ್ಸಿ ಮಾಡಿದ ಸಣ್ಣ ವಯಸ್ಸಿನ ಹುಡುಗಿ, ಸ್ಕೂಟರಿನಲ್ಲಿ ಬರುತ್ತಾಳಂತೆ.

"ಮೇಸ್ತ್ರಿ ಹೇಗಿದಾರೆ?"

"ಹೇಗಿರ್ತಾರೆ. ಬೆಳಿಗ್ಗೆಯಿಂದ ಆ ಹುಡುಗಿ ಹತ್ರ ಜಗಳ. ಆಯಮ್ಮನೂ ಬಿಡಲ್ಲ, ಸರಿಯಾಗಿ ಕೊಡ್ತಾಳೆ ಉತ್ರ. ನಮಗೆ ಟಿವಿ ಬೇಡ ಅಮ್ಮಾರೆ."

ಯಾವುದಕ್ಕೆ ಜಗಳ ಎಂದು ಕೇಳಿದೆ. ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಯಾರು ಶುರು ಮಾಡಿದ್ದು, ಹುಡುಗಿ ಏನೆಂದಳು, ಅದಕ್ಕೆ ಮೇಸ್ತ್ರಿ ಏನೆಂದರು ಎಂದು ಮತ್ತೆ ಮತ್ತೆ ಕೇಳಿದೆ. ಅವಳಿಗೆ ಬೇಸರ ಬಂದು, ಕೆಲಸ ಇದೆ ಎಂದು ಫೋನ್ ಇಟ್ಟಳು. ಆ ಹುಡುಗಿಯ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ಸಂಜೆಯಾದರೂ ಇಳಿಯಲಿಲ್ಲ.